ಶನಿವಾರದ ಗಾಣಿಗರು

ವಾಕಡಕ್ಕೆ ಬಂದ ಹೊಸದರಲ್ಲಿ ಒಂದು ಭಾನುವಾರ ಪುಣೆ ಕ್ಯಾಂಪಿನ ಸಿನಗಾಗ್ ನೋಡಲು ಹೊರಟೆ. ರಿಕ್ಷಾದವರಿಗೆ ಆ ಪದವೇ ಗೊತ್ತಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದೆ. ‘ಅರೆ, ಲಾಲ್ ದೇವುಳ!’ ಅಂದರು. ದೇವುಳ ಅಂದರೆ ನಮ್ಮ ದೇಗುಲವೇ. ಬಾಗ್ದಾದಿನಿಂದ ಬಂದ ಡೇವಿಡ್ ಸಸೂನ್ 1863ರಲ್ಲಿ ಕಟ್ಟಿಸಲು ತೊಡಗಿದ ಆ ಕೆಂಪಿಟ್ಟಿಗೆಯ ಕಟ್ಟಡ ಮುಗಿದದ್ದು 1867ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡಿದ್ದ. ಸಮಾಧಿ ಅದೇ ಆವರಣದಲ್ಲಿದೆ. ಓಹೆಲ್ ಡೇವಿಡ್ ಎಂಬ ನಿಜ ಹೆಸರು ಫಲಕದಲ್ಲುಳಿಯಿತು, ಜನ ಇಟ್ಟ ಹೆಸರು ಊರಲ್ಲುಳಿಯಿತು.

ಸಸೂನರಿಗಿಂತ ಬಹಳ ಮೊದಲೇ ಕೊಂಕಣದಲ್ಲಿ ಇನ್ನೊಂದು ಯಹೂದಿ ಸಮುದಾಯ ನೆಲೆಸಿತ್ತು. ಹಡಗು ಒಡೆದು ಅಲಿಬಾಗ್ ಬಳಿಯ ನವಗಾಂವ್ ದಡ ಸೇರಿದವರ ಸಂತತಿ ತಾವು ಎನ್ನುವುದು ಅವರ ನಂಬಿಕೆ. ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಹಾಗಾಗಿ ಊರವರು ಅವರನ್ನು ‘ಶನಿವಾರ ತೇಲಿ’ ಅಂದರು. ಕಸುಬು, ರಜೆ ಎರಡೂ ಸೇರಿ ಒಂದು ಜಾತಿಯ ಹೆಸರಾಯಿತು! ಕಿಹೀಮಿನವರು ಕೆಹೀಮ್‌ಕರ್, ರೋಹಾದವರು ರೋಹೇಕರ್, ಪೇಣಿನವರು ಪೇಣಕರ್ ಆದರು. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳುವುದು ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ.

ಅವರು ತಮ್ಮನ್ನು ಕರೆದುಕೊಂಡದ್ದು ಮಾತ್ರ ‘ಬೆನೆ ಇಸ್ರೇಲ್’ ಎಂದು. ಇಸ್ರೇಲನ ಮಕ್ಕಳು ಎಂದರ್ಥ. ಕನ್ನಡ ಪತ್ರಿಕೆಗಳ ‘ಯಹೂದಿ’, ಕನ್ನಡ ಬೈಬಲ್ಲಿನ ‘ಯೆಹೂದ್ಯ’ ಬೇರೆ ಮೂಲದ ಪದಗಳು. ಯೆಹೂದ ಎಂಬ ಕುಲದಿಂದ ಬಂದಂಥವು.

ಇಷ್ಟು ಸಣ್ಣ ವ್ಯತ್ಯಾಸಕ್ಕೂ ಬೆಲೆಯಿದೆ. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯಲ್ ಎಝೆಕಿಯೆಲ್ ದಿವೇಕರ್, ಮರಾಠಿಗರ ಬಾಯಲ್ಲಿ ಸಾಮಾಜಿ ಹಸಾಜಿ, ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕರು. ನೀವು ಯಾವ ಜನ ಎಂದು ಕೇಳಿದಾಗ ‘ಬೆನೆ ಇಸ್ರೇಲ್’ ಎಂದರಂತೆ. ಕುರಾನಿನಲ್ಲಿ ಮತ್ತೆ ಮತ್ತೆ ಬರುವ ಹೆಸರು ಅದು. ಆ ಜನರನ್ನು ಕಣ್ಣಾರೆ ಕಂಡಿರಲಿಲ್ಲ, ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಬೇಡಿಕೊಂಡರು ಎಂಬುದು ಸಮುದಾಯದ ಐತಿಹ್ಯ. ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಅಲ್ಲಿನ ಮೊದಲ ಸಿನಗಾಗ್ ಕಟ್ಟಿಸಿದರು. ಅದರ ಹೀಬ್ರೂ ಹೆಸರಿನ ಅರ್ಥ ಕರುಣೆಯ ಬಾಗಿಲು. ಜನರಿಗೆ ಅದು ‘ಜುನಿ ಮಸೀದಿ’ಯಾಯಿತು. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೂ ಅದರಿಂದಲೇ ಹೆಸರು ಬಂತೆನ್ನುತ್ತಾರೆ.

ಮಂಡ್ಯದವನಾದ ನಾನು ಟಿಪ್ಪುವಿನ ಕಥೆಗಳನ್ನು ಕೇಳುತ್ತಲೇ ಬೆಳೆದವನು. ಈ ಕಥೆ ಸಿಕ್ಕಿದ್ದು ಮಾತ್ರ ಪುಣೆಗೆ ಬಂದ ಮೇಲೆ.

ನಮ್ಮ ಸೊಸೈಟಿಯಲ್ಲಿ ಕೆಲವರಿಗೆ ನಾನು ‘ಮದ್ರಾಸಿ’, ಕೆಲವರಿಗೆ ‘ಸೌತ್‌ವಾಲಾ’. ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಲಿಫ್ಟಿನಲ್ಲಾದರೂ ಸರಿ, ನಿಂತು ಹೇಳುತ್ತೇನೆ: ಕನ್ನಡದವನು, ಮಂಡ್ಯದವನು. ಪ್ರಾಣ ಉಳಿಸಿಕೊಳ್ಳುವ ಪ್ರಶ್ನೆ ನನಗಿಲ್ಲ, ನಿಜ. ಆದರೂ ನಮ್ಮ ಹೆಸರನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಿಯಾರು?