ಮಂಡ್ಯ ಸೀಮೆಯಲ್ಲಿ ಮೂಲವ್ಯಾಧಿ: ಆಹಾರ, ನೀರಾವರಿ ಮತ್ತು ಚಿಕಿತ್ಸೆಯ ಚರಿತ್ರೆ

ಹಳೆಯ ಮೈಸೂರು ಸಂಸ್ಥಾನದ ಆರೋಗ್ಯ ಚರಿತ್ರೆಯಲ್ಲಿ ಪ್ಲೇಗು, ಕಾಲರಾ, ಮಲೇರಿಯಾಗಳಿಗೆ ದೊರೆತ ಸ್ಥಾನ ಮೂಲವ್ಯಾಧಿಗೆ ದೊರೆತಿಲ್ಲ. ಸಾವಿನ ಲೆಕ್ಕವಿರುವ ರೋಗಗಳು ಸರ್ಕಾರದ ಕಡತಗಳನ್ನು ಸೇರುತ್ತವೆ. ನಾಚಿಕೆಯಿಂದ ಮುಚ್ಚಿಟ್ಟ ರೋಗಗಳು ಮನೆಯೊಳಗೇ ಉಳಿಯುತ್ತವೆ. ಆದರೆ ಒಂದು ಪ್ರದೇಶದ ಊಟ, ದುಡಿಮೆ, ನೀರು, ಬಯಲು ಇವೆಲ್ಲವುಗಳ ಗುರುತು ಈ ರೋಗದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ವಿರಳ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು ಈ ದೃಷ್ಟಿಯಿಂದ ಅಧ್ಯಯನಕ್ಕೆ ಅರ್ಹವಾಗಿವೆ.

ಆಯುರ್ವೇದವು ಇದನ್ನು ಅರ್ಶಸ್ಸು ಎಂದು ಕರೆದು, ಗುಣಪಡಿಸಲು ಕಷ್ಟಸಾಧ್ಯವಾದ ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದೆ. ಸುಶ್ರುತ ಸಂಹಿತೆಯು ಇದಕ್ಕೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳುತ್ತದೆ. ಗುದದೊಳಗಿನ ಮೊಳೆಗಳನ್ನು ನೋಡಲು ಹಸುವಿನ ಮೊಲೆಯ ಆಕಾರದ, ನಾಲ್ಕು ಅಂಗುಲ ಉದ್ದದ ಯಂತ್ರವೊಂದನ್ನು ಅದು ವಿವರಿಸಿದೆ. ಮೊಳೆಗೆ ಕ್ಷಾರ ಹಚ್ಚಿದ ಮೇಲೆ ನೂರು ಎಣಿಸುವಷ್ಟು ಹೊತ್ತು ಯಂತ್ರದ ಬಾಯನ್ನು ಮುಚ್ಚಿ ಹಿಡಿಯಬೇಕೆಂಬ ಸೂಚನೆಯೂ ಅಲ್ಲಿದೆ. ಇದು ಗ್ರಂಥದೆದುರು ಕುಳಿತು ಊಹಿಸಿದ ಮಾತಲ್ಲ, ಕೈಯಿಂದ ಮಾಡಿ ಕಂಡವರ ಮಾತು. ಚರಕ ಸಂಹಿತೆಯ ಒಲವು ಬೇರೆ. ಅದು ಮಜ್ಜಿಗೆಗೆ ಹೆಚ್ಚಿನ ಮಹತ್ವ ನೀಡುತ್ತದೆ. ಶಸ್ತ್ರವೈದ್ಯನ ಸಮೀಪ ಹೋಗಲಾರದ ರೈತ ಕುಟುಂಬಗಳಲ್ಲಿ ಉಳಿದದ್ದು ಈ ಎರಡನೆಯ ದಾರಿಯೇ.

ಕನ್ನಡದಲ್ಲಿ ವೈದ್ಯ ಗ್ರಂಥಗಳ ಪರಂಪರೆ ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ನಾಟಕ ಕಲ್ಯಾಣಕಾರಕ ಇದಕ್ಕೆ ಸಾಕ್ಷಿ. ಆದರೆ ಹಳ್ಳಿಯ ಮದ್ದು ಗ್ರಂಥವನ್ನು ಅವಲಂಬಿಸಿರಲಿಲ್ಲ. ಬೇಲಿ ಮತ್ತು ಹಿತ್ತಲನ್ನು ಅವಲಂಬಿಸಿತ್ತು. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಎಂಬ ಹೆಸರೇ ಇದೆ. ಮುಟ್ಟಿದರೆ ಮುನಿ, ಅಳಲೆಕಾಯಿ, ಉತ್ತರಾಣಿ ಇವುಗಳೂ ಬಳಕೆಯಲ್ಲಿದ್ದವು. ಉತ್ತರಾಣಿಯ ಕ್ಷಾರ, ಕಳ್ಳಿಯ ಹಾಲು, ಅರಿಸಿನ ಇವನ್ನು ನೂಲಿಗೆ ಇಪ್ಪತ್ತೊಂದು ಬಾರಿ ಲೇಪಿಸಿ ಸಿದ್ಧಪಡಿಸುವ ಕ್ಷಾರಸೂತ್ರವು ಇಂದು ಆಯುರ್ವೇದ ಆಸ್ಪತ್ರೆಗಳಲ್ಲಿ ಮುಖ್ಯವಾಗಿ ಭಗಂದರಕ್ಕೆ ಬಳಕೆಯಾಗುತ್ತಿದೆ. ಇದರ ವಿಧಾನವನ್ನು ಚಕ್ರದತ್ತ ಹೇಳಿದ್ದರೂ ಅದು ವ್ಯವಸ್ಥಿತವಾಗಿ ಮರುಜೀವ ಪಡೆದದ್ದು 1960ರ ದಶಕದಿಂದೀಚೆಗೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಬುದನ್ನು ಮರೆಯಬಾರದು. ನಾಟಿ ವೈದ್ಯವೆಲ್ಲವೂ ಅನಾದಿಯೆಂದು ಭಾವಿಸುವ ಪ್ರವೃತ್ತಿಗೆ ಈ ಸಂಗತಿ ಕಡಿವಾಣ ಹಾಕುತ್ತದೆ.

ಈ ಸೀಮೆಯ ಚರಿತ್ರೆಯಲ್ಲಿ ನಿರ್ಣಾಯಕವಾದ ಘಟ್ಟ ನೀರಾವರಿಯದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮೂರೂ ತಾಲ್ಲೂಕುಗಳ ಹೊಲಗಳಿಗೆ ನೀರುಣಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲಗಳಲ್ಲಿ ಭತ್ತವೂ ಕಬ್ಬೂ ಬಂದವು. ನಾಲೆಯ ಜೊತೆಗೆ ಬಂದ ಮಲೇರಿಯಾದತ್ತ ಸರ್ಕಾರ ತಕ್ಷಣ ಗಮನ ಹರಿಸಿತು. ಊಟದ ತಟ್ಟೆಯಲ್ಲಾದ ಬದಲಾವಣೆ ಮಾತ್ರ ನಿಧಾನವಾದುದು, ಸದ್ದಿಲ್ಲದ್ದು. ಹಬ್ಬದ ಅನ್ನ ದಿನದ ಅನ್ನವಾಯಿತು; ಒರಳಿನಲ್ಲಿ ಕುಟ್ಟಿದ ಅಕ್ಕಿಯ ಸ್ಥಾನಕ್ಕೆ ಗಿರಣಿಯ ಪಾಲಿಶ್ ಅಕ್ಕಿ ಬಂದಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ. ಗಿರಣಿ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ. ನಾರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತಿಣುಕುವುದು ಹೆಚ್ಚುತ್ತದೆ. ಗುದದ್ವಾರದ ಒಳಗೆ ಹುಟ್ಟಿನಿಂದಲೇ ಇರುವ ರಕ್ತನಾಳಗಳ ಮೆತ್ತೆಗಳು ಕ್ರಮೇಣ ಕೆಳಗೆ ಸರಿದು ಊದಿಕೊಳ್ಳುತ್ತವೆ. ಮೂಲವ್ಯಾಧಿಯನ್ನು ಹೀಗೆ ಸ್ವಾಭಾವಿಕ ಮೆತ್ತೆಗಳ ಸ್ಥಾನಪಲ್ಲಟವೆಂದು ವಿವರಿಸಿದ್ದು 1975ರಲ್ಲಿ ಥಾಮ್ಸನ್. ‘ಉಷ್ಣ’ವೇ ಕಾರಣವೆಂದು ಉಪ್ಸಾರಿನ ಖಾರವನ್ನೂ ಕೋಳಿಸಾರನ್ನೂ ದೂರುವ ಹಳ್ಳಿಯ ನಂಬಿಕೆ ಈ ವಿವರಣೆಗೆ ಪೂರ್ತಿ ಹೊಂದುವುದಿಲ್ಲ. ಖಾರವು ಉರಿಯನ್ನು ಹೆಚ್ಚಿಸಬಹುದು, ಆದರೆ ರೋಗದ ಮೂಲ ಅದಲ್ಲ. ಆದರೆ ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ ಎಂಬ ಅಜ್ಜಿಯರ ಪಥ್ಯ ಇಂದಿನ ವೈದ್ಯರ ಸಲಹೆಗೆ ಬಹಳ ಹತ್ತಿರವಾಗಿದೆ.

ಆಧುನಿಕ ಶಸ್ತ್ರಚಿಕಿತ್ಸೆಯು ಈ ಸೀಮೆಗೆ ದೂರದಿಂದಲೇ ಪರಿಚಯವಾಯಿತು. 1937ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ ವಿವರಿಸಿದ ಶಸ್ತ್ರಕ್ರಿಯೆ ದಶಕಗಳ ಕಾಲ ಮಾದರಿಯಾಗಿ ನಿಂತಿತು; 1963ರಲ್ಲಿ ಬ್ಯಾರನ್ ಪ್ರಚುರಪಡಿಸಿದ ರಬ್ಬರ್ ಪಟ್ಟಿಯ ವಿಧಾನವು ಮೊದಲ ಹಂತಗಳ ರೋಗಿಗಳನ್ನು ಕತ್ತಿಯಿಂದ ಪಾರುಮಾಡಿತು. ಮದ್ದೂರು, ಮಂಡ್ಯದವರಿಗೆ ಬೆಂಗಳೂರಿಗೂ ಮೈಸೂರಿಗೂ ರೈಲಿತ್ತು. ಮಳವಳ್ಳಿಗೆ ಅದೂ ಇರಲಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, 2000ರ ದಶಕದ ಮಧ್ಯದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದ ಬಳಿಕವೇ ಬೋಧಕ ಆಸ್ಪತ್ರೆಗಳು ಜಿಲ್ಲೆಯೊಳಗೆ ದೊರೆತವು.

ಅಷ್ಟಾದರೂ ರೋಗಿ ಮೊದಲು ಹೋಗುವುದು ಗೋಡೆಬರಹದ ‘ಪೈಲ್ಸ್’ ಚಿಕಿತ್ಸಾಲಯಕ್ಕೆ. ಹೆಸರು ಕೇಳದೆ, ಬಟ್ಟೆ ಬಿಚ್ಚಿಸದೆ, ಆಪರೇಷನ್ ಇಲ್ಲದೆ ಗುಣವೆಂಬ ಭರವಸೆಯೇ ಅದರ ಬಂಡವಾಳ. ಅನರ್ಹರು ಸುಡುವ ದ್ರವವನ್ನು ಚುಚ್ಚಿದಾಗ ಕೀವು, ಗುದದ್ವಾರದ ಸಂಕೋಚ ಉಂಟಾಗಬಹುದು. ಅದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ: ರಕ್ತಸ್ರಾವವೆಲ್ಲವೂ ಮೂಲವ್ಯಾಧಿಯೇ ಎಂದು ತಿಳಿದು ವರ್ಷಗಟ್ಟಲೆ ಮದ್ದು ಸೇವಿಸುವಾಗ, ಗುದನಾಳದ ಅರ್ಬುದ ಗುರುತಿಸಲ್ಪಡದೆ ಬೆಳೆಯಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ ಕರ್ನಾಟಕದ 2007ರ ಕಾಯ್ದೆ ಇಂತಹವರ ವಿರುದ್ಧ ಒಂದು ಅಸ್ತ್ರ.

ಹೆಂಗಸರ ಸ್ಥಿತಿಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಬಸಿರು, ಹೆರಿಗೆಗಳು ಈ ಮೆತ್ತೆಗಳ ಮೇಲೆ ಒತ್ತಡ ತರುತ್ತವೆ. ಅದರ ಮೇಲೆ, ಶೌಚಾಲಯವಿಲ್ಲದ ಊರಿನಲ್ಲಿ ಕತ್ತಲಾಗುವವರೆಗೆ ವೇಗವನ್ನು ತಡೆಯುವುದು, ಹೊರಗೆ ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವುದು. ಮಲವೇಗವನ್ನು ತಡೆಯುವುದನ್ನು ಆಯುರ್ವೇದವು ಎಂದೋ ರೋಗಕಾರಣವೆಂದು ಹೇಳಿತ್ತು. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ ಮತ್ತು 2014ರ ಸ್ವಚ್ಛ ಭಾರತ ಅಭಿಯಾನಗಳ ಶೌಚಾಲಯಗಳನ್ನು ಕಾಲರಾ, ಹೊಟ್ಟೆಹುಳುಗಳ ನಿವಾರಣೆಯ ಲೆಕ್ಕದಲ್ಲಿ ಮಾತ್ರ ನೋಡುವುದು ರೂಢಿ. ನಾಲೆಯ ಏರಿಯ ಮೇಲೆ ಕತ್ತಲೆಗಾಗಿ ಕಾಯುತ್ತಿದ್ದ ಹೆಂಗಸರ ಪಾಲಿಗೆ ಅವು ಮೂಲವ್ಯಾಧಿಯ ತಡೆಯೂ ಆಗಿದ್ದವು.