ದಾರಿಯ ಮೇಲಿನ ಊರು: ಮಧುವನಹಳ್ಳಿಯ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು?

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೊರಟವರಿಗೆ ಪಟ್ಟಣ ದಾಟಿದ ಸ್ವಲ್ಪ ಹೊತ್ತಿನಲ್ಲೇ ಮಧುವನಹಳ್ಳಿ ಸಿಗುತ್ತದೆ. ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ಬಹುಪಾಲು ಪ್ರಯಾಣಿಕರಿಗೆ ಅದು ಬಸ್ಸಿನ ಕಿಟಕಿಯಿಂದ ಕಂಡು ಹಿಂದೆ ಸರಿಯುವ ಒಂದು ಊರು, ಅಷ್ಟೇ. ನಮ್ಮ ಗುರುಮಠಗಳ ಸಭಾಚರಿತ್ರೆಯ ತರಗತಿಯಲ್ಲಿಯೂ ಇಂಥ ಊರುಗಳ ಗತಿ ಅದೇ. ನಾನೂ ಹಲವು ವರ್ಷ ಒಂದೇ ಕ್ರಮದಲ್ಲಿ ಪಾಠ ಹೇಳಿದವನು: ಮೊದಲ ಗುರುಗಳು ಬಂದ ವರ್ಷ, ಮೊದಲ ದೀಕ್ಷಾಸ್ನಾನ, ದೇವಾಲಯದ ಅಡಿಗಲ್ಲು. ಆ ಕ್ರಮದಲ್ಲಿ ಊರು ಹುಟ್ಟುವುದು ನಾವು ಬಂದ ದಿನ. ಅದಕ್ಕೆ ಮೊದಲು ಅಲ್ಲಿ ಉತ್ತವರು, ಬಿತ್ತಿದವರು, ಸತ್ತವರನ್ನು ಹೂಳಿದವರು ನಮ್ಮ ಪುಟದೊಳಗೆ ಬರುವುದೇ ಇಲ್ಲ.

ಆದರೆ ನಜರೇತಿನ ಹೆಸರು ಹಳೆಯ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಗಲಿಲೇಯದ ಊರುಗಳನ್ನು ಚೆನ್ನಾಗಿ ಬಲ್ಲ ಜೋಸೆಫಸನೂ ಅದನ್ನು ಹೆಸರಿಸುವುದಿಲ್ಲ. ಅಲ್ಲಿಂದ ಒಳ್ಳೆಯದೇನಾದರೂ ಬರಲು ಸಾಧ್ಯವೇ ಎಂಬ ನತಾನಿಯೇಲನ ಸಂದೇಹವನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ. ಆತ ತಿರಸ್ಕಾರದಿಂದ ಮಾತ್ರ ಹಾಗೆ ಕೇಳಿದನೆಂದು ನನಗನಿಸುವುದಿಲ್ಲ. ಆ ಊರಿನ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ದೇವರ ಮಗನು ತನ್ನ ಬದುಕಿನ ಬಹುಭಾಗವನ್ನು ಕಳೆದದ್ದು ಅಂಥ ಊರಿನಲ್ಲಿ.

ಹಾಗಾದರೆ ಮಧುವನಹಳ್ಳಿಯ ಚರಿತ್ರೆಯನ್ನು ಎಲ್ಲಿಂದ ಹಿಡಿಯಬೇಕು? ಮೊದಲು ಗಡಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಪಾಲಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಒಂದೇ ನುಡಿ, ಒಂದೇ ನೆಂಟಸ್ತಿಕೆ, ಒಂದೇ ದೇವರ ಒಕ್ಕಲು. ಸರ್ಕಾರ ಮಾತ್ರ ಎರಡು. ಕೊಳ್ಳೇಗಾಲದ ಕನ್ನಡ ರೈತನು ಕಲೆಕ್ಟರರ ಕಚೇರಿಗೆ ಹೋಗಬೇಕಾದರೆ ದಿಂಬಂ ಘಟ್ಟವಿಳಿದು ತಮಿಳು ಸೀಮೆಗೆ ನಡೆಯಬೇಕಿತ್ತು. ಈ ಸ್ಥಿತಿ 1956ರ ನವೆಂಬರ್ 1ರವರೆಗೆ, ಎಂದರೆ 157 ವರ್ಷ ನಡೆಯಿತು. ಬಳಿಕ ತಾಲ್ಲೂಕು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಗೆ. ಊರು ಕದಲಲಿಲ್ಲ, ಕಾಗದದ ಮೇಲಿನ ವಿಳಾಸ ಬದಲಾಗುತ್ತ ಹೋಯಿತು.

ಎರಡನೆಯದು ರೇಷ್ಮೆ. ಮದರಾಸು ಆಧಿಪತ್ಯದಲ್ಲಿ ರೇಷ್ಮೆಯೆಂದರೆ ಕೊಳ್ಳೇಗಾಲ ಎನ್ನುವಷ್ಟು ಈ ಸೀಮೆ ಹಿಪ್ಪುನೇರಳೆಗೆ ಹೆಸರಾಗಿತ್ತು. ಹುಳು ಸಾಕುವ ಮನೆಯ ದಿನಚರಿಯನ್ನು ಗುರುವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕು. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡಬೇಕು. ಆ ಕೆಲಸದ ಹೊರೆ ಹೆಚ್ಚಾಗಿ ಹೆಂಗಸರದು. ಗೂಡಿನ ಬೆಲೆ ಕುಸಿದ ವರ್ಷ ಮದುವೆ ಮುಂದಕ್ಕೆ ಹೋಗುತ್ತದೆ, ಸಾಲ ಬೆಳೆಯುತ್ತದೆ. ಇಂಥ ಸೀಮೆಯ ಧರ್ಮಕೇಂದ್ರಕ್ಕೆ ಬರುವ ಗುರುಗಳಿಗೆ ಹುಳು ಹಣ್ಣಾಗುವ ವಾರ ಯಾವುದೆಂದು ತಿಳಿದಿರದಿದ್ದರೆ, ಭಾನುವಾರದ ಪೂಜೆಗೆ ಜನ ಏಕೆ ಕಡಿಮೆಯಾದರೆಂಬುದೂ ತಿಳಿಯದು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ದಾರಿ ಮತ್ತು ಬೀದಿ. ದಾರಿಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಮಾದಪ್ಪನ ಒಕ್ಕಲು ಕಾಲ್ನಡಿಗೆಯಲ್ಲಿ ಸಾಗುತ್ತದೆ. ಕಂಸಾಳೆ ಹಿಡಿದ ದೇವರಗುಡ್ಡರು ಸಂಕಮ್ಮನ ಸಾಲನ್ನೂ ಜುಂಜೇಗೌಡನ ಸಾಲನ್ನೂ ಹಾಡುತ್ತ ಹೋದ ದಾರಿ ಇದು. ನಡೆದು ಬಂದವರಿಗೆ ನೀರುಮಜ್ಜಿಗೆ ಕೊಡುವಾಗ ಜಾತಿ ಕೇಳುವುದು ಕಡಿಮೆ. ಆದರೆ ದಾರಿಯಿಂದ ಬೀದಿಗೆ ತಿರುಗಿದರೆ ಲೆಕ್ಕ ಬೇರೆ. ಈ ಸೀಮೆಯ ಹಳ್ಳಿಗಳಲ್ಲಿ ಬೀದಿಯೆಂದರೆ ಕುಲ. ಒಂದೊಂದು ಬೀದಿಗೂ ಅದರದೇ ಯಜಮಾನರು, ಅದರದೇ ಚಾವಡಿ. ನ್ಯಾಯ ಹೇಳುವುದು, ತಪ್ಪು ಕಾಣಿಕೆ ಹಾಕುವುದು, ಮದುವೆ ಸಾವುಗಳಿಗೆ ಒಟ್ಟಾಗುವುದು ಎಲ್ಲವೂ ಆ ಕಟ್ಟಿನೊಳಗೆ. ಬಡವನೊಬ್ಬ ಸತ್ತರೆ ಕೈಹಿಡಿಯುವುದೂ ಆ ಕಟ್ಟೇ, ಕಟ್ಟು ಮೀರಿದವನನ್ನು ಹೊರಗಿಡುವುದೂ ಆ ಕಟ್ಟೇ. ಮೊದಲನೆಯದನ್ನು ಮಾತ್ರ ಕಂಡು ಹಳ್ಳಿಯ ಸಮುದಾಯ ಜೀವನವನ್ನು ಹೊಗಳುವವರು ಎರಡನೆಯದನ್ನು ಅನುಭವಿಸಿದವರನ್ನು ಕೇಳಿಲ್ಲ.

ಇದೇ ಸೀಮೆಯಲ್ಲಿ ಆ ಕಟ್ಟನ್ನು ಒಳಗಿನಿಂದಲೇ ಪ್ರಶ್ನಿಸಿದ ಪರಂಪರೆಯೂ ಇದೆ. ಪುಷ್ಯ ಮಾಸದ ಹುಣ್ಣಿಮೆಯಂದು ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ ಚಂದ್ರಮಂಡಲದಿಂದ ಆರಂಭವಾಗಿ ಐದು ದಿನ ನಡೆಯುತ್ತದೆ. ಅದರಲ್ಲೊಂದು ದಿನ ಪಂಕ್ತಿಸೇವೆ: ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು, ಬೇರೆ ಬೇರೆ ಕುಲದವರು, ಬಿಡಾರದ ಮುಂದೆ ಅಡಿಗೆ ಮಾಡಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ಪ್ರೇಷಿತಕಾರ್ಯದ ದಾಖಲೆಯಲ್ಲಿ ಜನರ ಪರಂಪರೆಗಳಲ್ಲಿ ಅಡಗಿರುವ ದೈವವಾಕ್ಯದ ಬೀಜಗಳ ಕುರಿತು ಹೇಳಿತು. ಅದಕ್ಕೆ ಉದಾಹರಣೆ ಕೇಳುವ ವಿದ್ಯಾರ್ಥಿಗಳಿಗೆ ನಾನು ಈಗ ಚಿಕ್ಕಲ್ಲೂರಿನ ಈ ಸಾಲನ್ನು ತೋರಿಸುತ್ತೇನೆ.

ನಮ್ಮ ಸಾಲು ಹೇಗಿತ್ತು? 17ನೆಯ ಶತಮಾನದ ಮಧ್ಯದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಆ ನುಡಿಯಲ್ಲೇ ಬರೆದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ನೆಲದ ನುಡಿಗೂ ಉಡುಗೆಗೂ ಅವರು ತೋರಿದ ಗೌರವ ದೊಡ್ಡದು. ಆದರೆ ಅವರು ಅನುಸರಿಸಿದ ಮದುರೆಯ ಮಾದರಿಯಲ್ಲಿ ಮೇಲುಜಾತಿಯವರಿಗೆ ಒಬ್ಬ ಗುರು, ಕೆಳಜಾತಿಯವರಿಗೆ ಇನ್ನೊಬ್ಬ ಗುರು ಎಂಬ ಏರ್ಪಾಡು ಬೆಳೆದಿತ್ತು. 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ದಕ್ಷಿಣದ ಆಚಾರಗಳ ವಿವಾದಕ್ಕೆ ತೆರೆ ಎಳೆದಾಗಲೂ, ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರತ್ಯೇಕ ಗುರುಗಳನ್ನು ನೇಮಿಸುವ ಸಲಹೆಯನ್ನು ಒಪ್ಪಿಕೊಂಡರು. ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯವನ್ನಂತೂ ಎರಡು ಜಾತಿಗಳು ಒಬ್ಬರನ್ನೊಬ್ಬರು ನೋಡದಂತೆಯೇ ಕಟ್ಟಲಾಯಿತು. ಕೊರಿಂಥದವರು ಪ್ರಭುವಿನ ಭೋಜನಕ್ಕೆ ಕೂಡಿಬಂದು ಬೇರೆ ಬೇರೆಯಾಗಿ ಉಣ್ಣುತ್ತಿದ್ದುದನ್ನು ಸಂತ ಪೌಲರು ಗದರಿಸಿದ ಅಧ್ಯಾಯವನ್ನು ಆ ದೇವಾಲಯಗಳಲ್ಲಿಯೂ ಓದುತ್ತಿದ್ದರು.

ಮಧುವನಹಳ್ಳಿಯಿಂದ ಅದೇ ದಾರಿಯಲ್ಲಿ ಮುಂದೆ ಹೋದರೆ ಕಾಮಗೆರೆ. ಅಲ್ಲಿಯ ಹೋಲಿ ಕ್ರಾಸ್ ಕನ್ಯಾಸ್ತ್ರೀಯರ ಆಸ್ಪತ್ರೆಯ ಹೊರಾಂಗಣದಲ್ಲಿ ಸುತ್ತಲಿನ ಹಳ್ಳಿಗಳ ಎಲ್ಲ ಬೀದಿಗಳವರೂ ಒಂದೇ ಬೆಂಚಿನ ಮೇಲೆ ಕುಳಿತು ತಮ್ಮ ಸರದಿ ಕಾಯುತ್ತಾರೆ. ಧರ್ಮಕೇಂದ್ರದ ಚರಿತ್ರೆ ಬರೆಯಲು ಹೊರಡುವ ವಿದ್ಯಾರ್ಥಿಗಳಿಗೆ ನಾನೀಗ ದೀಕ್ಷಾಸ್ನಾನದ ದಫ್ತರಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೊಟ್ಟು ಕಳಿಸುತ್ತೇನೆ: ಹಳೆಯ ಕಾಲದಲ್ಲಿ ಯಾವ ಬಾವಿಯ ನೀರನ್ನು ಯಾರು ಸೇದುತ್ತಿದ್ದರು, ದೇವಾಲಯದಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಸತ್ತವರನ್ನು ಎಲ್ಲಿ ಹೂಳುತ್ತಿದ್ದರು. ಉತ್ತರವನ್ನು ಪ್ರತಿ ಬೀದಿಯಲ್ಲೂ ಒಬ್ಬ ಅಜ್ಜಿಯಿಂದ ಕೇಳಿ ಬರೆದುಕೊಂಡು ಬರಬೇಕು.