ಸ್ವಂತ ವಾಸದ ಮನೆಯ ತೆರಿಗೆ ವಿನಾಯಿತಿ (ಭಾರತ)

ಮಾಲೀಕರು ತಾವೇ ವಾಸಿಸುವ ಮನೆಗೆ ದೊರೆಯುವ ತೆರಿಗೆ ರಿಯಾಯಿತಿಗಳ ವ್ಯವಸ್ಥೆ. ಭಾರತದಲ್ಲಿ ಇದು ಕೇಂದ್ರದ ಆದಾಯ ತೆರಿಗೆಯಲ್ಲೂ ಹಲವು ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯಲ್ಲೂ ಕಾಣುತ್ತದೆ. ಬಾಡಿಗೆ ತಾರದ ಮನೆಯನ್ನು ಆದಾಯದ ಮೂಲವೆಂದು ಎಣಿಸುವುದು ನ್ಯಾಯವೇ ಎಂಬ ಪ್ರಶ್ನೆಯ ಸುತ್ತಲೇ ಇದರ ಇತಿಹಾಸ ಸಾಗಿದೆ.

ಬ್ರಿಟಿಷ್ ಆಡಳಿತದಲ್ಲಿ

1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲು ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದರು. 1886ರ ಕಾಯ್ದೆಯು ಮಾಲೀಕ ವಾಸಿಸುವ ಮನೆಯನ್ನೂ ಆದಾಯದ ಮೂಲವೆಂದೇ ಪರಿಗಣಿಸಿತು. ಬಾಡಿಗೆಗೆ ಕೊಟ್ಟಿದ್ದರೆ ಬರಬಹುದಾಗಿದ್ದ ಹಣವೇ ಲೆಕ್ಕಕ್ಕೆ ಆಧಾರ. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟುವ ಈ ಹೊರೆಗೆ 1922ರ ಕಾಯ್ದೆ ಮಿತಿ ಹಾಕಿತು: ವಾಸದ ಮನೆಯ ವಾರ್ಷಿಕ ಮೌಲ್ಯವನ್ನು, ಅಂದರೆ ವರ್ಷಕ್ಕೆ ಬರಬಹುದಾದ ಬಾಡಿಗೆಯನ್ನು, ಮಾಲೀಕನ ಒಟ್ಟು ಆದಾಯದ ಶೇ. 10ಕ್ಕಿಂತ ಹೆಚ್ಚೆಂದು ಎಣಿಸುವಂತಿರಲಿಲ್ಲ.

ಸ್ವಾತಂತ್ರ್ಯಾನಂತರ

1961ರ ಆದಾಯ ತೆರಿಗೆ ಕಾಯ್ದೆ ವಾರ್ಷಿಕ ಮೌಲ್ಯದ ಅರ್ಧ ಅಥವಾ 1,800 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಕಳೆಯಲು ಅವಕಾಶ ಕೊಟ್ಟಿತು. ದೊಡ್ಡ ತಿರುವು ಬಂದದ್ದು 1986ರ ಹಣಕಾಸು ಕಾಯ್ದೆಯಿಂದ. ಸ್ವಂತ ವಾಸದ ಒಂದು ಮನೆಯ ವಾರ್ಷಿಕ ಮೌಲ್ಯವನ್ನು ಅದು ಸೊನ್ನೆ ಎಂದು ಸಾರಿತು. ಸೂರು ಬದುಕಿನ ಅಗತ್ಯವೇ ಹೊರತು ಗಳಿಕೆಯ ದಾರಿಯಲ್ಲ ಎಂಬ ತತ್ವಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು.

ಆ ಬಳಿಕ ರಿಯಾಯಿತಿಯ ತೂಕ ಗೃಹ ಸಾಲದ ಕಡೆಗೆ ವಾಲಿತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾಯಿತು. ಸಂಬಳದಾರರು ನಿವೃತ್ತಿಯ ಹಣಕ್ಕೆ ಕಾಯದೆ ಸಾಲ ಮಾಡಿ ಮನೆ ಕಟ್ಟುವುದು ಹೆಚ್ಚಿತು. ಸಾಲದ ಬಡ್ಡಿಗೆ ಸಿಗುವ ಕಡಿತದ ಮಿತಿ 1999ರಲ್ಲಿ 75,000 ರೂಪಾಯಿಗೆ, 2001ರಲ್ಲಿ 1.5 ಲಕ್ಷಕ್ಕೆ, 2014ರಲ್ಲಿ 2 ಲಕ್ಷಕ್ಕೆ ಏರಿತು. ಅಸಲಿನ ಮರುಪಾವತಿ 80ಸಿ ಸೆಕ್ಷನ್‌ನಡಿಯ ಕಡಿತಗಳಿಗೆ ಸೇರಿತು. ಹಳೆಯ ಮನೆ ಮಾರಿ ನಿಗದಿತ ಅವಧಿಯಲ್ಲಿ ಹೊಸದನ್ನು ಕೊಂಡವರಿಗೆ ಅಥವಾ ಕಟ್ಟಿಸಿದವರಿಗೆ 1961ರ ಕಾಯ್ದೆಯ 54ನೇ ಸೆಕ್ಷನ್ ಬಂಡವಾಳ ಗಳಿಕೆಯ ತೆರಿಗೆಯಿಂದ ವಿನಾಯಿತಿ ನೀಡಿತು. 2023ರಲ್ಲಿ ಇದಕ್ಕೆ 10 ಕೋಟಿ ರೂಪಾಯಿಯ ಮಿತಿ ಬಂತು. ಊರಿನಲ್ಲೊಂದು, ಉದ್ಯೋಗದ ಸ್ಥಳದಲ್ಲೊಂದು ಮನೆ ಇರುವವರಿಗೆ ಅನುಕೂಲವಾಗುವಂತೆ 2019ರಲ್ಲಿ ಸೊನ್ನೆ ಮೌಲ್ಯದ ಸೌಲಭ್ಯ ಎರಡು ಮನೆಗಳಿಗೆ ವಿಸ್ತರಿಸಿತು.

ಸ್ಥಳೀಯ ಆಸ್ತಿ ತೆರಿಗೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2008ರಲ್ಲಿ, ಚದರ ಅಡಿಗೆ ನಿಗದಿಪಡಿಸಿದ ಮೌಲ್ಯದ ಮೇಲೆ ತೆರಿಗೆ ಲೆಕ್ಕ ಹಾಕುವ ಘಟಕ ಪ್ರದೇಶ ಮೌಲ್ಯ ಪದ್ಧತಿಯನ್ನು ತಂದಾಗ ಸ್ವಂತ ವಾಸಕ್ಕೆ ಬೇರೆ ದರ ಗೊತ್ತುಮಾಡಿತು. ಅತಿ ಹೆಚ್ಚು ಬೆಲೆಯ ‘ಎ’ ವಲಯದ ಆರ್‌ಸಿಸಿ ಮನೆಯ ಘಟಕ ಮೌಲ್ಯ ಚದರ ಅಡಿಗೆ ತಿಂಗಳಿಗೆ ಬಾಡಿಗೆಗೆ ಕೊಟ್ಟಿದ್ದರೆ 5 ರೂಪಾಯಿ, ಮಾಲೀಕರೇ ಇದ್ದರೆ 2.50 ರೂಪಾಯಿ ಎಂದು ಆಗ ನಿಗದಿಯಾಗಿತ್ತು.

ಇಂದಿನ ಸ್ಥಿತಿ

2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದರಗಳು ಕಡಿಮೆ; ಆದರೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗಾಗಲಿ ಅಸಲಿಗಾಗಲಿ ಕಡಿತವಿಲ್ಲ. 2023ರಿಂದ, ಈ ಕಡಿತಗಳಿರುವ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳದವರಿಗೆಲ್ಲ ಇದೇ ಪದ್ಧತಿ ಅನ್ವಯಿಸುತ್ತದೆ. ಇದರಿಂದ ಸಾಲದ ಕಂತು ಕಟ್ಟುತ್ತಿರುವ ಮಧ್ಯಮ ವರ್ಗದವರು ಎರಡೂ ಲೆಕ್ಕಗಳನ್ನು ತೂಗಿ ನೋಡಬೇಕಾಗಿದೆ. ವಾಸದ ಮನೆಯ ವಾರ್ಷಿಕ ಮೌಲ್ಯ ಸೊನ್ನೆ ಎಂಬ 1986ರ ನಿಲುವು ಮಾತ್ರ ಎರಡೂ ಪದ್ಧತಿಗಳಲ್ಲಿ ಉಳಿದಿದೆ. 1961ರ ಕಾಯ್ದೆಯ ಸ್ಥಾನಕ್ಕೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯೂ ಅದನ್ನು ಮುಂದುವರಿಸಿದೆ.